ಟೆಂಟ್ ಬಿಟ್ಟು ಬಯಲಲ್ಲೇ ಮಲಗೋಕೆ ಹಗುರವಾದ ಹಾಸಿಗೆ ಹೊದಿಕೆ ಯಾವುದು?

ಹಗುರ_ಹೆಗಲು
ಎಲ್ರಿಗೂ ನಮಸ್ಕಾರ. ನನ್ನ ಹತ್ರ ಇರೋ ಇಬ್ಬರ ಟೆಂಟ್ ಎರಡೂವರೆ ಕಿಲೋ ಇದೆ. ಒಬ್ಬನೇ ಹೋದಾಗಲೂ ಅಷ್ಟನ್ನೂ ಹೊರಬೇಕು, ಬೆಳಗ್ಗೆ ಒದ್ದೆ ಆಗಿದ್ರೆ ಇನ್ನೂ ಭಾರ. ಈ ಸಲ ಟೆಂಟನ್ನ ಮನೇಲೇ ಬಿಟ್ಟು, ಬರೀ ಹಾಸಿಗೆ ಹೊದಿಕೆ ಹೊತ್ಕೊಂಡು ಹೋಗೋಣ ಅಂತಿದೀನಿ. ಜನವರಿಯಲ್ಲಿ ಮಾಗಡಿ ಹತ್ರ ಸ್ನೇಹಿತನ ತೋಟ, ಆಮೇಲೆ ಚಿಕ್ಕಮಗಳೂರು ಕಡೆ ಒಂದು ಕಾಫಿ ಎಸ್ಟೇಟು. ಎರಡೂ ಕಡೆ ಮಾಲೀಕರ ಒಪ್ಪಿಗೆ ಇದೆ. ಮುಂದಿನ ಅಕ್ಟೋಬರಲ್ಲಿ ಉತ್ತರಾಖಂಡದ ಒಂದು ಚಾರಣದ ಆಸೆಯೂ ಇದೆ.

ಬಜೆಟ್ ಎಂಟು ಸಾವಿರ, ತೂಕ ಎಲ್ಲ ಸೇರಿ ಎರಡು ಕಿಲೋ ಒಳಗಿರಬೇಕು. ಎತ್ತರ 5 ಅಡಿ 11 ಇಂಚು. ಸ್ಲೀಪಿಂಗ್ ಬ್ಯಾಗ್ ನೋಡೋಕೆ ಹೋದ್ರೆ 15 ಡಿಗ್ರಿ, 10 ಡಿಗ್ರಿ, 0 ಡಿಗ್ರಿ, ಪುಕ್ಕದ್ದು, ಪಾಲಿಯೆಸ್ಟರ್‌ದು ಅಂತ ತಲೆ ಕೆಟ್ಟೋಗಿದೆ. 0 ಡಿಗ್ರಿದು ಒಂದು ತಗೊಂಡ್ಬಿಟ್ರೆ ಎಲ್ಲದಕ್ಕೂ ಆಗುತ್ತಾ?

ಗ್ರಾಂ_ಲೆಕ್ಕ
ಬ್ಯಾಗು ಕೊನೇಲಿ ತಗೊಳ್ಳಿ ಸಾರ್. ಮೊದಲು ಬೆನ್ನ ಕೆಳಗಿಂದು, ಆಮೇಲೆ ತಲೆ ಮೇಲಿಂದು, ಉಳಿದ ದುಡ್ಡಲ್ಲಿ ಬ್ಯಾಗು. ಟೆಂಟ್ ಒಳಗೆ ಮಲಗೋರ ಲೆಕ್ಕ ಬಯಲಲ್ಲಿ ಮಲಗೋರಿಗೆ ಹೊಂದಲ್ಲ.

ಯಾವ ಬ್ಯಾಗೇ ಆಗಲಿ, ನಿಮ್ಮನ್ನ ಬೆಚ್ಚಗಿಡೋದು ಅದರೊಳಗೆ ಸಿಕ್ಕಿಹಾಕ್ಕೊಂಡಿರೋ ಗಾಳಿ. ನೀವು ಮಲಗಿದ ತಕ್ಷಣ ಬೆನ್ನ ಕೆಳಗಿನ ಪದರ ಅಪ್ಪಚ್ಚಿ ಆಗುತ್ತೆ, ಗಾಳಿ ಹೊರಟೋಗುತ್ತೆ. ಅಲ್ಲಿಂದ ಮುಂದೆ ನೆಲದ ಚಳಿ ತಡೆಯೋದು ಮ್ಯಾಟ್ ಒಂದೇ. ಹದಿನೈದು ಸಾವಿರದ ಪುಕ್ಕದ ಬ್ಯಾಗನ್ನ ಬರಿ ನೆಲದ ಮೇಲೆ ಹಾಸಿದ್ರೆ ಬೆನ್ನು ಕೊರೆಯೋದು ಕೊರೆಯುತ್ತೆ.

ಮ್ಯಾಟ್‌ಗೆ ಆರ್-ವ್ಯಾಲ್ಯೂ ಅಂತ ಒಂದು ಅಂಕಿ ಕೊಟ್ಟಿರ್ತಾರೆ. ಹೆಚ್ಚಿದ್ದಷ್ಟೂ ಶಾಖ ಕೆಳಗೆ ಸೋರೋದು ಕಮ್ಮಿ. ಹಿಂದೆ ಒಂದೊಂದು ಕಂಪನಿ ಒಂದೊಂದು ರೀತಿ ಅಳೀತಿತ್ತು. ಈಗ ಎಎಸ್‌ಟಿಎಂ ಎಫ್3340 ಅನ್ನೋ ಒಂದೇ ಅಳತೆ ಬಂದಿರೋದ್ರಿಂದ ಹೋಲಿಸಿ ನೋಡಬಹುದು. ನಮ್ಮ ಬಯಲುಸೀಮೆಗೆ 1.5ರಿಂದ 2 ಸಾಕು. ಹಿಮಾಲಯದ ಅಕ್ಟೋಬರಿಗೆ 4ರ ಮೇಲೆ ಬೇಕು. ಇದರಲ್ಲೊಂದು ಅನುಕೂಲ ಇದೆ: ಒಂದರ ಮೇಲೊಂದು ಹಾಸಿದ್ರೆ ಅಂಕಿ ಕೂಡುತ್ತೆ. 2ರ ಫೋಮ್ ಮೇಲೆ 3ರ ಗಾಳಿ ಹಾಸಿಗೆ ಹಾಕಿದ್ರೆ 5. ಅದಕ್ಕೇ ಈಗ ಫೋಮ್ ತಗೊಳ್ಳಿ, ಉತ್ತರಾಖಂಡಕ್ಕೆ ಹೋಗುವಾಗ ಅದರ ಮೇಲೆ ಇನ್ನೊಂದು ಸೇರಿಸಿ. ಹಾಕಿದ ದುಡ್ಡು ಯಾವುದೂ ದಂಡ ಆಗಲ್ಲ.

ಕಲ್ಲುಗುಂಡು
+1 ಫೋಮ್‌ಗೆ. ಗಾಳಿ ತುಂಬೋ ಹಾಸಿಗೆ ಟೆಂಟ್ ಇಲ್ದೆ ತಗೊಂಡು ಹೋಗೋದು ಅಂದ್ರೆ ಮುಳ್ಳಿಗೆ ಆಹ್ವಾನ ಕೊಟ್ಟಂಗೆ. ರಾಮನಗರ, ಮಾಗಡಿ ಕಡೆ ಕಳ್ಳಿ, ಲಂಟಾನ, ಜಾಲಿ. ಬಳ್ಳಾರಿ ಕಡೆ ಹೋದ್ರೆ ಬಳ್ಳಾರಿ ಜಾಲಿ ಮುಳ್ಳು ಚಪ್ಪಲಿ ಅಟ್ಟೆನೇ ತೂತು ಮಾಡುತ್ತೆ, ಹಾಸಿಗೆ ಯಾವ ಲೆಕ್ಕ.

ಹಗುರ_ಹೆಗಲು
ಮನೇಲಿ ಯೋಗ ಮ್ಯಾಟ್ ಇದೆ, ಅದೇ ಆಗಲ್ವಾ?

ಗ್ರಾಂ_ಲೆಕ್ಕ
ತೂಕ ಮಾಡಿ ನೋಡಿ. ಆರು ಮಿಲಿಮೀಟರಿನ ಪಿವಿಸಿ ಮ್ಯಾಟ್ ಆದ್ರೆ ಕಿಲೋ ಹತ್ರ ಬರುತ್ತೆ, ಶಾಖನೂ ಅಷ್ಟಾಗಿ ತಡೆಯಲ್ಲ, ಅದು ಜಾರದೇ ಇರಲಿ ಅಂತ ಮಾಡಿರೋದು. ಅದೇ ಒಂದು ಸೆಂಟಿಮೀಟರ್ ದಪ್ಪದ, ಗುಳ್ಳೆ ಮುಚ್ಚಿಕೊಂಡಿರೋ ಗಟ್ಟಿ ಫೋಮ್ ಆರಡಿ ಉದ್ದ ಎರಡಡಿ ಅಗಲಕ್ಕೆ 350ರಿಂದ 400 ಗ್ರಾಂ ಅಷ್ಟೆ. ಫೋಮ್ ಅಂಗಡೀಲಿ ಕೇಳುವಾಗ ಸೋಫಾಗೆ ಹಾಕೋ ಸ್ಪಂಜ್ ಕೊಟ್ಟುಬಿಡ್ತಾರೆ, ಬೇಡ, ಅದು ನೀರು ಕುಡಿಯುತ್ತೆ. ಒಂದು ಮೂಲೇನ ಒದ್ದೆ ಮಾಡಿ ಹಿಂಡಿ ನೋಡಿ. ನೀರು ಒಳಗೆ ಹೋಗದೆ ಮೇಲೇ ನಿಂತ್ರೆ ಸರಿಯಾದ ಮಾಲು.

ಇನ್ನೂ ತೂಕ ಇಳಿಸಬೇಕು ಅಂದ್ರೆ ಭುಜದಿಂದ ತೊಡೆವರೆಗೆ ಮಾತ್ರ ಫೋಮ್, ಕಾಲ ಕೆಳಗೆ ಖಾಲಿ ಬ್ಯಾಕ್‌ಪ್ಯಾಕ್. ಐದಡಿ ಹನ್ನೊಂದು ಇಂಚಿನೋರು "ಹಾಸಿಗೆ ಇದ್ದಷ್ಟು ಕಾಲು ಚಾಚು" ಅನ್ನೋದನ್ನ ಇಲ್ಲಿ ಪಾಲಿಸಬೇಕಿಲ್ಲ :)

ಧಾರ್ವಾಡ_ಮಂದಿ
ಏನ್ರೀ ಇದು, ಆರ್-ವ್ಯಾಲ್ಯೂ, ಎಎಸ್‌ಟಿಎಂ! ನಮ್ಮ ಕಡೆ ಹೊಲಾ ಕಾಯಾಕ ಹೋದಾವ್ರು ತಾಡಪತ್ರಿ ಹಾಸಿ, ಮ್ಯಾಲ ಕೌದಿ ಹಾಸಿ, ಕಂಬಳಿ ಹೊತ್ಕೊಂಡು ಮಕ್ಕೋತಾರ. ಚಳಿಗಾಲದಾಗೂ ಅಷ್ಟ. ಕಂಬಳಿ ತೊಯ್ದ್ರೂ ಬೆಚ್ಚಗ ಇರ್ತದ, ಬೆಂಕಿ ಕಿಡಿ ಬಿದ್ರ ಬರೀ ಕರಕ ಆಗ್ತದ, ನಿಮ್ಮ ನೈಲಾನ್ ಹಂಗ ಕರಗಿ ಮೈಗೆ ಅಂಟೂದಿಲ್ಲ.

ಗ್ರಾಂ_ಲೆಕ್ಕ
ಉಣ್ಣೆ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ನಿಜ ರೀ. ಆದ್ರೆ ತೂಕ? ಕುರಿ ಉಣ್ಣೆ ಕಂಬಳಿ ಒಂದೇ ಎರಡು ಕಿಲೋ ದಾಟುತ್ತೆ. ಕೌದಿ ಹತ್ತಿ ಸೀರೆಗಳದ್ದು, ಇಬ್ಬನಿ ಕುಡಿದ್ರೆ ಮಧ್ಯಾಹ್ನದವರೆಗೂ ಆರಲ್ಲ. ಚಕ್ಕಡೀಲಿ ಹಾಕ್ಕೊಂಡು ಹೋಗೋರಿಗೆ ಸರಿ, ಹೆಗಲ ಮೇಲೆ ಹೊರೋರಿಗೆ ಕಷ್ಟ.

ಧಾರ್ವಾಡ_ಮಂದಿ
ಅದೂ ಖರೇನ. ಹೊರಾಂವಂಗ ಗೊತ್ತು ಭಾರ.

ಚಾರಣಿ_ಸುಮ
ಬ್ಯಾಗಿನ ಮೇಲಿನ ಡಿಗ್ರಿ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನ ಸರಿಯಾಗಿ ಓದಬೇಕು. ಐಎಸ್‌ಒ 23537 ಪ್ರಕಾರ (ಹಿಂದೆ ಇಎನ್ 13537 ಅಂತಿತ್ತು) ಪರೀಕ್ಷೆ ಮಾಡಿದ ಬ್ಯಾಗಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಮೂರು ಅಂಕಿ ಇರುತ್ತೆ. ಕಂಫರ್ಟ್ ಅಂದ್ರೆ ಒಬ್ಬ ಸಾಮಾನ್ಯ ಹೆಂಗಸು ನೆಮ್ಮದಿಯಾಗಿ ಮಲಗಬಹುದಾದ ತಾಪಮಾನ. ಲಿಮಿಟ್ ಅಂದ್ರೆ ಒಬ್ಬ ಸಾಮಾನ್ಯ ಗಂಡಸು ಮುದುಡಿಕೊಂಡು ರಾತ್ರಿ ಕಳೆಯಬಹುದಾದದ್ದು. ಎಕ್ಸ್‌ಟ್ರೀಮ್ ನೋಡಿ ಬ್ಯಾಗ್ ಕೊಳ್ಳಲೇಬಾರದು, ಅದು ಜೀವ ಉಳಿಯೋ ಲೆಕ್ಕ, ನಿದ್ದೆಯದ್ದಲ್ಲ. ಆನ್‌ಲೈನಲ್ಲಿ ಹೆಸರಿಲ್ಲದ ಬ್ಯಾಗುಗಳ ಮೇಲೆ ದೊಡ್ಡದಾಗಿ "0 ಡಿಗ್ರಿ" ಅಂತ ಹಾಕಿರ್ತಾರೆ, ಮೂರರಲ್ಲಿ ಯಾವುದು ಅಂತ ಹೇಳಲ್ಲ. ನನಗೆ ಅಂಥ ಒಂದರಲ್ಲಿ 12 ಡಿಗ್ರಿಗೇ ಹಲ್ಲು ಕಟಕಟ ಅಂದಿತ್ತು.

ಇನ್ನೊಂದು, ಆ ಪರೀಕ್ಷೆ ನಡೆಯೋದು ಬೊಂಬೆಗೆ ತೆಳು ಉಡುಪು ಹಾಕಿ, ಕೆಳಗೆ ಮ್ಯಾಟ್ ಕೊಟ್ಟು, ಕೋಣೆಯೊಳಗೆ. ಬೆಟ್ಟದ ಗಾಳಿ ಅಲ್ಲಿಲ್ಲ.

ಹಗುರ_ಹೆಗಲು
ಥ್ಯಾಂಕ್ಸ್ ಅಕ್ಕ. ಹಾಗಾದ್ರೆ ಮಾಗಡಿಗೆ ಎಷ್ಟು ಡಿಗ್ರಿ ಕಂಫರ್ಟ್ ನೋಡ್ಲಿ?

ಚಾರಣಿ_ಸುಮ
ಬೆಂಗಳೂರಲ್ಲಿ ದಾಖಲಾಗಿರೋ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿ 13ಕ್ಕೆ. ಈಗ ಜನವರಿ ಬೆಳಗಿನ ಜಾವ 15-16ರ ಆಸುಪಾಸು. ಊರ ಹೊರಗೆ ತೋಟದಲ್ಲಿ ಅದಕ್ಕಿಂತ ಮೂರ್ನಾಲ್ಕು ಡಿಗ್ರಿ ಕಮ್ಮಿ ಅಂತ ಇಟ್ಕೊಳ್ಳಿ. 10 ಡಿಗ್ರಿ ಕಂಫರ್ಟ್ ಧಾರಾಳ ಆಯ್ತು. 0 ಡಿಗ್ರಿದು ತಗೊಂಡ್ರೆ ರಾತ್ರಿ ಬೆವರಿ ಜಿಪ್ ತೆಗೀತೀರ, ಬೆವರು ಆರುವಾಗ ಚಳಿ ಹತ್ತುತ್ತೆ, ಮತ್ತೆ ಜಿಪ್ ಹಾಕ್ತೀರ. ಬೆಳಗಿನವರೆಗೂ ಇದೇ ಕೆಲಸ.

ಉತ್ತರಾಖಂಡಕ್ಕೆ ಬೇಕಾದಾಗ ಬಾಡಿಗೆಗೆ ತಗೊಳ್ಳಿ. ವರ್ಷಕ್ಕೊಂದು ವಾರಕ್ಕೆ ಅಂತ ದುಬಾರಿ ಬ್ಯಾಗನ್ನ ಬೀರು ಮೇಲೆ ಇಟ್ಟು ಸಾಕೋದು ಯಾಕೆ. ಮತ್ತೆ ಅಲ್ಲಿ ಟೆಂಟ್ ಇಲ್ದೆ ಮಲಗೋ ಯೋಚನೆ ಮಾತ್ರ ಬಿಡಿ, ಗಾಳಿ ಹಿಮ ಎರಡೂ ನಿಮ್ಮ ಮಾತು ಕೇಳಲ್ಲ.

ಕಲ್ಲುಗುಂಡು
ತಲೆ ಮೇಲಿನದ್ದರ ಬಗ್ಗೆ ನಾನು ಬರೀತೀನಿ. ಬಯಲಲ್ಲಿ ಮಲಗೋದಂದ್ರೆ ಎಲ್ರೂ ಚಳಿ ಬಗ್ಗೆನೇ ಯೋಚನೆ ಮಾಡ್ತಾರೆ, ನಿಜವಾದ ತೊಂದರೆ ಇಬ್ಬನಿ.

ಮೋಡ ಇಲ್ಲದ, ಗಾಳಿ ಇಲ್ಲದ ಜನವರಿ ರಾತ್ರೀಲಿ ಆಕಾಶಕ್ಕೆ ಮುಖ ಮಾಡಿರೋ ಪ್ರತಿಯೊಂದೂ ತನ್ನ ಶಾಖಾನ ಮೇಲಕ್ಕೆ ಬಿಡ್ತಾ ಬಿಡ್ತಾ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತೆ. ಗಾಳಿಯಲ್ಲಿರೋ ತೇವ ಅದರ ಮೇಲೆ ಹನಿಗಟ್ಟುತ್ತೆ. ಬೀದೀಲಿ ನಿಲ್ಲಿಸಿದ ಕಾರು ನೋಡಿ: ಬಯಲಲ್ಲಿರೋ ಕಾರಿನ ಗಾಜೆಲ್ಲ ನೀರು, ಹೊಂಗೆ ಮರದ ಕೆಳಗಿನ ಕಾರು ಒಣಗೇ ಇರುತ್ತೆ. ನಿಮ್ಮ ಬ್ಯಾಗಿಗೂ ಅಷ್ಟೇ ನಿಯಮ. ಮರದ ಕೆಳಗೆ ಮಲಗಿದ್ರೂ ಇಬ್ಬನಿ ಅರ್ಧಕ್ಕರ್ಧ ತಪ್ಪುತ್ತೆ (ತೆಂಗಿನ ಮರ ಬಿಟ್ಟು! ಕಾಯಿ, ಗರಿ ಬೀಳುತ್ತೆ). ಮರ ಇಲ್ಲ ಅಂದ್ರೆ ಒಂದು ತಾಡಪಾಲು ಓರೆಯಾಗಿ ಕಟ್ಟಿದ್ರೆ ಸಾಕು. ಒಂದು ಪಕ್ಕ ಪೂರ್ತಿ ಬಯಲಾಗಿರೋದ್ರಿಂದ ನಕ್ಷತ್ರನೂ ಕಾಣುತ್ತೆ.

ಜಾಗ ಆರಿಸೋದೂ ಹಾಸಿಗೆಯಷ್ಟೇ ಮುಖ್ಯ. ತಣ್ಣನೆ ಗಾಳಿ ಭಾರ, ರಾತ್ರಿ ಇಳಿಜಾರಲ್ಲಿ ಹರಿದು ಹಳ್ಳದಲ್ಲಿ, ಕೆರೆ ಅಂಗಳದಲ್ಲಿ ನಿಲ್ಲುತ್ತೆ. ಅಲ್ಲಿಂದ ಹತ್ತಿಪ್ಪತ್ತಡಿ ಮೇಲೆ ಬಂದ್ರೂ ವ್ಯತ್ಯಾಸ ಮೈಗೆ ಗೊತ್ತಾಗುತ್ತೆ. ಗುಡ್ಡದ ನೆತ್ತಿ ಮೇಲೆ ಗಾಳಿ ಹೊಡೆತ. ನಡುವಿನ ಇಳಿಜಾರೇ ಸರಿ. ಹಾಸುಬಂಡೆ ಬಗ್ಗೆನೂ ಹೇಳ್ಬೇಕು. ಮಾರ್ಚಲ್ಲಿ ಅದು ಮಧ್ಯರಾತ್ರಿ ದಾಟಿದ್ರೂ ಬಿಸಿ ಕಾರುತ್ತೆ, ಫೋಮ್ ಇಲ್ದೇನೂ ಮಲಗಬಹುದು. ಜನವರೀಲಿ ಅದೇ ಬಂಡೆ ಬೆಳಗಿನ ಜಾವಕ್ಕೆ ಮೈ ಶಾಖಾನೆಲ್ಲ ಹೀರಿಬಿಡುತ್ತೆ.

ಹಗುರ_ಹೆಗಲು
ತಾಡಪಾಲು ಅಂದ್ರೆ ಲಾರಿಗೆ ಹಾಕೋದಾ? ಅದೇ ಎರಡು ಕಿಲೋ ಇರುತ್ತಲ್ಲ ಗುರು. ಬಿವಿ ಬ್ಯಾಗ್ ಅಂತ ಒಂದು ಬರುತ್ತಲ್ಲ, ಸ್ಲೀಪಿಂಗ್ ಬ್ಯಾಗ್ ಮೇಲೆ ಹಾಕೋ ಗವುಸು, ಅದು?

ಗ್ರಾಂ_ಲೆಕ್ಕ
ತಾಡಪಾಲಿಗೆ ಜಿಎಸ್‌ಎಂ ಅಂತ ಕೇಳಿ, ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. ಲಾರಿಯದ್ದು 200, 250, ಅದಕ್ಕಿಂತ ಮೇಲೆ. ತೆಳುವಾದ 90 ಜಿಎಸ್‌ಎಂ ಪ್ಲಾಸ್ಟಿಕ್‌ದು ಎರಡು ಮೀಟರ್ × ಮೂರು ಮೀಟರ್ ತಗೊಂಡ್ರೆ ಆರು ಚದರ ಮೀಟರ್, ಅಂದ್ರೆ 540 ಗ್ರಾಂ. ಬೆಲೆ ಕೆಲವೇ ನೂರು ರೂಪಾಯಿ. ಗಾಳಿಗೆ ಪಟಪಟ ಅನ್ನುತ್ತೆ, ಕೆಲಸ ಮಾಡುತ್ತೆ. ಸಿಲಿಕಾನ್ ಬಳಿದ ನೈಲಾನ್ ಬಟ್ಟೆದು ಅದರ ಅರ್ಧ ತೂಕ, ಆದ್ರೆ ನಿಮ್ಮ ಬಜೆಟ್ಟಿನ ಅರ್ಧ ಅದೇ ತಿಂದುಹಾಕುತ್ತೆ. ಮೊದಲ ವರ್ಷ ಪ್ಲಾಸ್ಟಿಕ್ಕೇ ಸಾಕು ಅನ್ನೋದು ನನ್ನ ಅಭಿಪ್ರಾಯ.

ಬಿವಿ ನಮ್ಮ ಹವಾಮಾನಕ್ಕೆ ನನಗಂತೂ ಹಿಡಿಸಿಲ್ಲ. ನೀರು ಒಳಗೆ ಬಿಡದ ಬಟ್ಟೆ ಮೈಯ ಆವೀನೂ ಸರಿಯಾಗಿ ಹೊರಗೆ ಬಿಡಲ್ಲ. ತೇವ ಹೆಚ್ಚಿರೋ ಕಡೆ ಬೆಳಗ್ಗೆ ಬ್ಯಾಗಿನ ಹೊರಮೈ ಇಬ್ಬನಿ ಬಿದ್ದಷ್ಟೇ ಒದ್ದೆ ಆಗಿರುತ್ತೆ. ಬೆಳ್ಳಿ ಬಣ್ಣದ ಎಮರ್ಜೆನ್ಸಿ ಹಾಳೆ ಸುತ್ಕೊಂಡ್ರಂತೂ ಕೇಳಲೇಬೇಡಿ. ಒಣ ಚಳಿ ಇರೋ ಲಡಾಖಿನಂಥ ಕಡೆ ಬಿವಿ ಚೆನ್ನ.

ಜೋಲಿ_ಮಂಜ
ಎಲ್ಲಾ ನೆಲದಲ್ಲೇ ಹೊರಳಾಡ್ತಿದೀರಲ್ಲಪ್ಪ! ಕಾಫಿ ಎಸ್ಟೇಟಲ್ಲಿ ಮರಕ್ಕೇನು ಬರಾನಾ? ಜೋಲಿ ಕಟ್ಟಿ. ಸೊಳ್ಳೆ ಪರದೆ ಹೊಲಿದಿರೋ ಹ್ಯಾಮಕ್ಕು, ಪಟ್ಟಿ ಎಲ್ಲ ಸೇರಿ 800 ಗ್ರಾಂ ಆಸುಪಾಸು. ನೆಲ ಒದ್ದೆ ಇರ್ಲಿ, ಇಳಿಜಾರಿರ್ಲಿ, ಕಲ್ಲಿರ್ಲಿ, ನಿಮಗೇನು. ಬಾಳೆಹಣ್ಣಿನ ಥರ ಬಾಗಿ ಮಲಗಬೇಡಿ, ಸ್ವಲ್ಪ ಕೋನದಲ್ಲಿ ಅಡ್ಡಡ್ಡ ಮಲಗಿ, ಬೆನ್ನು ಸಪಾಟಾಗಿ ಇರುತ್ತೆ.

ಚಾರಣಿ_ಸುಮ
ಮಂಜಣ್ಣ, ಬೆನ್ನ ಕೆಳಗೆ ಬೀಸೋ ಗಾಳಿ ವಿಷಯ ನುಂಗಿಬಿಟ್ರಿ. ಜೋಲೀಲೂ ಬ್ಯಾಗ್ ಅಪ್ಪಚ್ಚಿ ಆಗುತ್ತೆ, ಜೊತೆಗೆ ಕೆಳಗಿಂದ ಗಾಳಿ. ಅದಕ್ಕೂ ಒಳಗೆ ಫೋಮ್ ಹಾಸಬೇಕು ಇಲ್ಲ ಕೆಳಗೊಂದು ರಜಾಯಿ ಕಟ್ಟಬೇಕು. ತೂಕ ಅಲ್ಲಿಗಲ್ಲಿಗೇ ಬಂತು.

ಜೋಲಿ_ಮಂಜ
ಒಪ್ಪಿದೆ. ಫೋಮ್ ನಂದೂ ಇರುತ್ತೆ ಒಳಗೆ. ಆದ್ರೂ ನೆಲಕ್ಕಿಳಿಯಲ್ಲ ನಾನು.

ಕೊಪ್ಪದವ
ಚಿಕ್ಕಮಗಳೂರು ಅಂದಿರಲ್ಲ, ಅದಕ್ಕೆ ಬರೆಯುತ್ತಾ ಇದ್ದೇನೆ ಮಾರಾಯ್ರೆ. ಜನವರಿಯಿಂದ ಬೇಸಿಗೆವರೆಗೆ ಮಲೆನಾಡಿನಲ್ಲಿ ದರಗು, ಅಂದರೆ ಉದುರಿದ ಒಣ ಎಲೆಗಳ ಮೇಲೆ ಮಲಗುವ ಕೆಲಸ ಮಾಡಬೇಡಿ. ಉಣುಗು (ಉಣ್ಣಿ) ಇರ್ತದೆ. ಅದು ಕಚ್ಚಿದರೆ ಬರುವ ಮಂಗನ ಕಾಯಿಲೆ ತಮಾಷೆ ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ್ದು, ಈಗ ಚಿಕ್ಕಮಗಳೂರು, ಉತ್ತರ ಕನ್ನಡದಲ್ಲೂ ಪ್ರತಿ ವರ್ಷ ಅಂಬ ಹಾಗೆ ಸುದ್ದಿ ಬರ್ತದೆ. ಮಂಗ ಸತ್ತು ಬಿದ್ದ ಸುದ್ದಿ ಇರುವ ಕಡೆಗಂತೂ ಕಾಲಿಡಲೇ ಬಾರದು. ಎಸ್ಟೇಟಿನವರನ್ನು ಮೊದಲೇ ಕೇಳಿ. ಆರೋಗ್ಯ ಇಲಾಖೆಯವರು ಕಾಡಿಗೆ ಹೋಗುವವರಿಗೆ ಡೆಪಾ ಎಣ್ಣೆ ಕೊಡ್ತಾರೆ, ಉಣುಗು ಹತ್ತದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳುವುದು.

ನಮ್ಮಲ್ಲಿಗೆ ಬಂದರೆ ಕಾಫಿ ಒಣಗಿಸುವ ಕಣ ಇರ್ತದೆ, ಸಿಮೆಂಟಿನದ್ದು. ಕೊಯ್ಲಿನ ಕಾಲ ಅಂದರೆ ಪೂರ್ತಿ ಕಾಫಿ ಹರಡಿರ್ತದೆ, ಆದರೂ ಮೂಲೆಯಲ್ಲಿ ಒಬ್ಬರಿಗೆ ಜಾಗ ಸಿಗ್ತದೆ. ಚೊಕ್ಕ ಜಾಗ, ಎಲೆ ಇಲ್ಲ, ಹುಲ್ಲಿಲ್ಲ. ಇಬ್ಬನಿ ಮಾತ್ರ ಮಳೆ ಬಂದ ಹಾಗೆ ಸುರೀತದೆ, ತಾಡಪಾಲು ಬೇಕೇ ಬೇಕು. ಇಲ್ಲದಿದ್ದರೆ ಜೋಲಿಯವರ ಮಾತು ಸರಿ.

ಜೋಲಿ_ಮಂಜ
ನೋಡಿದ್ರಾ!

ಗ್ರಾಂ_ಲೆಕ್ಕ
ಇದೇ ಜಾಗದಲ್ಲಿ ಸೊಳ್ಳೆ ಪರದೆ ಬಗ್ಗೆ ಹೇಳಿಬಿಡ್ತೀನಿ, ಏಕೆಂದ್ರೆ ತೂಕ ಇಳಿಸೋ ಭರದಲ್ಲಿ ಎಲ್ರೂ ಮೊದಲು ಬಿಡೋದು ಅದನ್ನೇ. ನಮ್ಮ ಕಡೆ ಬಯಲಲ್ಲಿ ನೆಲದ ಮೇಲೆ ಮಲಗೋರು ಭಯಪಡಬೇಕಾದ್ದು ಕಟ್ಟುಹಾವಿಗೆ, ಕ್ರೈಟ್ ಅಂತಾರಲ್ಲ ಅದು. ನಾಗರ ಹೆಡೆ ಎತ್ತುತ್ತೆ, ಕೊಳಕುಮಂಡಲ ಬುಸ್ ಅನ್ನುತ್ತೆ. ಕಟ್ಟುಹಾವು ರಾತ್ರಿ ಸದ್ದಿಲ್ಲದೆ ಓಡಾಡುತ್ತೆ, ಮಲಗಿರೋರು ಹೊರಳಿದಾಗ ಕಚ್ಚುತ್ತೆ. ಎಷ್ಟೋ ಸಲ ನೋವೂ ಇರಲ್ಲ, ಊತವೂ ಇರಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಭಾರ, ನುಂಗೋಕೆ ಆಗ್ತಿಲ್ಲ ಅಂತ ಎದ್ರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕಟ್ಟು ಕಟ್ಟೋದು, ಕೊಯ್ಯೋದು, ನಾಟಿ ಔಷಧಿ ಯಾವುದೂ ಬೇಡ.

ಪರದೆಯ ಅಂಚನ್ನ ಮ್ಯಾಟಿನ ಕೆಳಗೆ ಸುತ್ತಲೂ ಬಿಗಿಯಾಗಿ ಮಡಚಿ ಸಿಕ್ಕಿಸಿದ್ರೆ ಹಾವು, ಚೇಳು, ಉಣುಗು, ಸೊಳ್ಳೆ ಎಲ್ಲಕ್ಕೂ ಅದೇ ಗೋಡೆ. ಸುಮ್ನೆ ಮೇಲೆ ಇಳಿಬಿಟ್ರೆ ಪ್ರಯೋಜನ ಇಲ್ಲ. ಕೈ ಮೊಣಕೈ ಪರದೆಗೆ ತಾಗದ ಹಾಗೆ ಅಗಲ ಇರಬೇಕು. ಒಬ್ಬರದ್ದು 250 ಗ್ರಾಂ ಒಳಗೆ ಸಿಗುತ್ತೆ. ಚಿಕ್ಕಪೇಟೇಲಿ ನೈಲಾನ್ ಪರದೆ ಬಟ್ಟೆ ಮೀಟರ್ ಲೆಕ್ಕದಲ್ಲಿ ತಗೊಂಡು ಟೈಲರ್ ಹತ್ರ ಹೊಲಿಸಿದ್ರೆ ಇನ್ನೂ ಅಗ್ಗ, ಅಂಚಿಗೆ ಒಂದಡಿ ಹೆಚ್ಚು ಬಿಡಿ ಅಂತ ಹೇಳಿ, ಮಡಚಿ ಸಿಕ್ಕಿಸೋಕೆ.

ಶೂನ ಪರದೆ ಒಳಗೇ ಇಟ್ಕೊಳ್ಳಿ, ಬೆಳಗ್ಗೆ ಕೊಡವಿ ಹಾಕ್ಕೊಳ್ಳಿ. ತಿಂಡಿ ತಲೆ ಹತ್ರ ಇಡಬೇಡಿ, ಅದಕ್ಕೆ ಇಲಿ ಬರುತ್ತೆ, ಇಲಿಗೆ ಹಾವು ಬರುತ್ತೆ.

ಹಗುರ_ಹೆಗಲು
ಇದನ್ನ ಓದಿ ಅಮ್ಮ ಟ್ರಿಪ್ಪೇ ಕ್ಯಾನ್ಸಲ್ ಅಂತಿದಾರೆ 😅

ಧಾರ್ವಾಡ_ಮಂದಿ
ಅವ್ವಾರು ಹೇಳೂದು ಬರೋಬ್ಬರಿ ಐತಿ. ನಮ್ಮ ಹೊಲದಾಗ ಅಟ್ಟಣಿಗಿ ಕಟ್ಟೂದು ಅದಕ್ಕ. ತೋಟದಾಗ ಎತ್ತಿನ ಗಾಡಿ, ಹಳೇ ಹೊರಸು ಏನರ ಇದ್ರ ಅದರ ಮ್ಯಾಲ ಮಕ್ಕೋರಿ. ಹೊರಾಕ ಸೊನ್ನಿ ಗ್ರಾಂ.

ಗ್ರಾಂ_ಲೆಕ್ಕ
ಈ ಚರ್ಚೇಲಿ ಬಂದ ಅತಿ ಹಗುರವಾದ ಸಾಮಾನು ಇದೇ.

ಮೇಲ್ವಿಚಾರಕ
ಓದೋ ಬೇರೆಯವರಿಗೂ ಒಂದು ಮಾತು. ಸಾವನದುರ್ಗ, ಸ್ಕಂದಗಿರಿ, ಕುಮಾರಪರ್ವತ ಇವೆಲ್ಲ ಅರಣ್ಯ ಇಲಾಖೆಗೆ ಸೇರಿದ ಜಾಗ. ಒಪ್ಪಿಗೆ ಇಲ್ಲದೆ ಅಲ್ಲಿ ರಾತ್ರಿ ತಂಗಬೇಡಿ. ವನ್ಯಧಾಮದೊಳಗೆ ಪರವಾನಗಿ ಇಲ್ಲದೆ ಹೋಗೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಚಾರಣಕ್ಕೆ ಅನುಮತಿ, ಬುಕಿಂಗ್ ಎಲ್ಲ ಅರಣ್ಯ ವಿಹಾರ ಜಾಲತಾಣದಲ್ಲಿ. ಕನಕಪುರ ದಾಟಿ ಸಂಗಮದ ಕಡೆ ಆನೆ, ರಾಮನಗರ ಮಾಗಡಿ ಸುತ್ತ ಚಿರತೆ, ಹಂಪಿ ದರೋಜಿ ಕಡೆ ಕರಡಿ. ತೋಟದ ಮಾಲೀಕರು "ಇಲ್ಲಿ ಬೇಡ, ಮನೆ ಜಗಲೀಲಿ ಮಲಗಿ" ಅಂದ್ರೆ ವಾದ ಮಾಡಬೇಡಿ.

ಚಾರಣಿ_ಸುಮ
ಪುಕ್ಕವೋ ಪಾಲಿಯೆಸ್ಟರೋ ಅನ್ನೋ ಪ್ರಶ್ನೆ ಉಳೀತು. ಪುಕ್ಕ ಅದೇ ತೂಕಕ್ಕೆ ಹೆಚ್ಚು ಬೆಚ್ಚಗೆ, ಮುಷ್ಟಿಗಾತ್ರಕ್ಕೆ ಮಡಚುತ್ತೆ. ಫಿಲ್ ಪವರ್ 600, 800 ಅಂತ ಹಾಕಿರ್ತಾರೆ, ಒಂದು ಔನ್ಸ್ ಪುಕ್ಕ ಎಷ್ಟು ಘನ ಇಂಚು ಉಬ್ಬುತ್ತೆ ಅನ್ನೋದು ಅದು. ಆದ್ರೆ ಒದ್ದೆಯಾದ್ರೆ ಉಂಡೆಗಟ್ಟಿ ಕೂತುಬಿಡುತ್ತೆ. ಟೆಂಟ್ ಇಲ್ಲ, ಇಬ್ಬನಿ ಇದೆ, 10 ಡಿಗ್ರಿ ಸಾಕು ಅನ್ನೋ ಕಡೆ ಪುಕ್ಕಕ್ಕೆ ದುಡ್ಡು ಹಾಕೋದು ನನಗೆ ಸರಿ ಕಾಣಲ್ಲ. ಪಾಲಿಯೆಸ್ಟರ್ ಬ್ಯಾಗ್ ಒಂದು ಕಿಲೋ ಒಳಗೆ ಸಿಗುತ್ತೆ, ತೊಯ್ದ್ರೂ ಪೂರ್ತಿ ಕೈಕೊಡಲ್ಲ, ಮನೇಲೇ ಒಗೆಯಬಹುದು. ಪೂರ್ತಿ ಜಿಪ್ ಬಿಚ್ಚಿ ರಜಾಯಿ ಥರ ಹರಡಿಕೊಳ್ಳೋ ಹಾಗಿರೋದು ನೋಡಿ, ಸೆಖೆ ಆದ್ರೆ ಕಾಲು ಹೊರಗೆ ಹಾಕ್ಕೋಬಹುದು. ಐದಡಿ ಹನ್ನೊಂದಕ್ಕೆ ಉದ್ದದ ಅಳತೆ ಕೇಳಿ, ಪಾದ ಬ್ಯಾಗಿನ ತುದಿ ಒತ್ತಿದ್ರೆ ಅಲ್ಲೇ ಚಳಿ ಹತ್ತೋದು.

ಒಳಗೊಂದು ತೆಳು ಲೈನರ್, ಇಲ್ಲ ಹಳೇ ರೇಷ್ಮೆ ಸೀರೇಲಿ ಹೊಲಿಸಿದ ಚೀಲ, ಇದ್ರೆ ಬ್ಯಾಗ್ ಒಗೆಯೋ ತಾಪತ್ರಯ ಕಮ್ಮಿ. ಮನೇಲಿ ಇಡುವಾಗ ಬಿಗಿ ಚೀಲದಲ್ಲಿ ತುರುಕಿಡಬೇಡಿ, ದೊಡ್ಡ ದಿಂಬಿನ ಕವರಲ್ಲಿ ಸಡಿಲವಾಗಿಡಿ, ಉಬ್ಬೋ ಗುಣ ಉಳಿಯುತ್ತೆ. ಮಳೆಗಾಲದಲ್ಲಿ ಆಗಾಗ ತೆಗೆದು ಹರವಿ, ಇಲ್ಲಾಂದ್ರೆ ಬೂಷ್ಟು.

ಹಗುರ_ಹೆಗಲು
ಹಾಗಾದ್ರೆ ಹೀಗೆ ಮಾಡ್ತೀನಿ. ಫೋಮ್ 400, ತಾಡಪಾಲು 540, ಪರದೆ 250, ಬ್ಯಾಗ್ 900. ಒಟ್ಟು 2,090. ತೊಂಬತ್ತು ಗ್ರಾಂ ಜಾಸ್ತಿ ಆಯ್ತು! ಹೊಸ ಬ್ಯಾಗ್ ಬಂದ ಮೇಲೆ ಮೊದಲು ತಾರಸಿ ಮೇಲೆ ಮಲಗಿ ನೋಡ್ತೀನಿ.

ಕಲ್ಲುಗುಂಡು
ತಾರಸಿ ಮೇಲೆ ಪರದೆ ಕಟ್ಟೋದು, ಬ್ಯಾಗಿನ ಉದ್ದ ಇಂಥದ್ದನ್ನ ನೋಡಬಹುದು, ಚಳಿ ಲೆಕ್ಕಕ್ಕೆ ನಂಬಬೇಡ ಗುರು. ಹಗಲೆಲ್ಲ ಕಾದ ಕಾಂಕ್ರೀಟು, ಕೆಳಗೆ ಮನೆ ಬಿಸಿ, ಸುತ್ತ ಗೋಡೆ. ಮಣ್ಣಿನ ನೆಲದ ಮೇಲೆ ಒಂದು ರಾತ್ರಿ ಮಲಗಿ ನೋಡಿದ್ರೆನೇ ಸರಿಯಾಗಿ ಗೊತ್ತಾಗೋದು.

ಗ್ರಾಂ_ಲೆಕ್ಕ
ಆ ತೊಂಬತ್ತು ಗ್ರಾಂಗೆ ಫೋಮನ್ನ ಕಾಲ ಕಡೆಯಿಂದ ಒಂದೂವರೆ ಅಡಿ ಕತ್ತರಿಸಿ. ಕತ್ತರಿಸಿದ ತುಂಡು ಕೂರೋಕಾಗುತ್ತೆ, ಆದ್ರೆ ಅದನ್ನೂ ಹೊತ್ಕೊಂಡು ಹೋದ್ರೆ ಲೆಕ್ಕ ಮತ್ತೆ ಅಲ್ಲೇ.

ಹಗುರ_ಹೆಗಲು
😂 ತಾಡಪಾಲು ಕಟ್ಟೋಕೆ ಹಗ್ಗ ಯಾವುದು ತಗೊಳ್ಲಿ?

ಜೋಲಿ_ಮಂಜ
ಎರಡು ಮಿಲಿಮೀಟರ್ ನೈಲಾನ್ ಹಗ್ಗ ಹತ್ತು ಮೀಟರ್ ಸಾಕು. ಹೊಳೆಯೋ ಬಿಳಿ ಇಲ್ಲ ಹಳದಿ ಬಣ್ಣದ್ದು ತಗೊಳ್ಳಿ. ಕಪ್ಪು ಹಗ್ಗ ಕಟ್ಟಿದ್ರೆ ರಾತ್ರಿ ಒಂದಕ್ಕೆ ಎದ್ದೋರು ಮಗುಚಿ ಬೀಳೋದು ಗ್ಯಾರಂಟಿ. ತುದೀನ ಬೆಂಕಿಕಡ್ಡಿ ಹಿಡಿದು ಕರಗಿಸಿಬಿಡಿ, ಬಿಚ್ಚಿಕೊಳ್ಳಲ್ಲ.